ಬೆರಳು ಕಲಿತದ್ದು, ತಲೆ ಕಲಿಯದೆಂದದ್ದು

ತೊಂಬತ್ತರ ದಶಕದಲ್ಲಿ ನಾನು ಶಿಡ್ಲಘಟ್ಟದಲ್ಲಿ ಸೇವೆಯಲ್ಲಿದ್ದೆ. ಆಗಿನ್ನೂ ಅದು ಕೋಲಾರ ಜಿಲ್ಲೆಯ ತಾಲ್ಲೂಕು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಬಾಲಕಾರ್ಮಿಕರ ತಪಾಸಣೆಗೆಂದು ನೂಲು ಬಿಚ್ಚಾಣಿಕೆ ಘಟಕವೊಂದಕ್ಕೆ ಹೋದಾಗ ಹನ್ನೊಂದು ವರ್ಷದ ಹುಡುಗನೊಬ್ಬ ಕಣ್ಣಿಗೆ ಬಿದ್ದ. ಬಿಸಿನೀರಿನಲ್ಲಿ ತೇಲುವ ಗೂಡುಗಳ ನಡುವೆ, ನನ್ನ ಕಣ್ಣಿಗೆ ಕಾಣಿಸದ ಎಳೆಯ ತುದಿಯನ್ನು ಆತ ನೋಡದೆಯೇ ಹಿಡಿಯುತ್ತಿದ್ದ, ತುಂಡಾದಲ್ಲಿ ಸೇರಿಸುತ್ತಿದ್ದ.

ಅವನನ್ನು ಶಾಲೆಗೆ ಸೇರಿಸಿದೆವು. ಕೆಲವು ತಿಂಗಳ ಬಳಿಕ ವಿಚಾರಿಸಿದರೆ ಮೇಷ್ಟರು, 'ಇವನ ತಲೆಗೆ ಏನೂ ಹತ್ತುವುದಿಲ್ಲ ಸಾರ್, ವಯಸ್ಸು ಮೀರಿಬಿಟ್ಟಿದೆ' ಎಂದರು. ನಾನೂ ನಂಬಿದೆ. ಕಡತದಲ್ಲಿ 'ದಾಖಲಾತಿ ಪೂರ್ಣ' ಎಂದಿತ್ತು. ಅರ್ಥಶಾಸ್ತ್ರ ಓದಿದವನಿಗೆ ಅಂಕಿ ಸಿಕ್ಕರೆ ಸಮಾಧಾನ. ವರ್ಷ ತುಂಬುವ ಮೊದಲೇ ಹುಡುಗ ಘಟಕಕ್ಕೆ ಮರಳಿದ.

ನಿವೃತ್ತಿಯ ನಂತರದ ಓದು ನನ್ನ ನಂಬಿಕೆಯನ್ನು ಅಲುಗಾಡಿಸಿತು. ಒಂದು ನರಕೋಶ ಮತ್ತೊಂದಕ್ಕೆ ಸಂದೇಶ ದಾಟಿಸುವ ಕಿರುಸಂದಿಗೆ ಸಿನಾಪ್ಸ್ ಎಂದು ಹೆಸರು. ಈ ಸಂಪರ್ಕದ ಬಲ ಸ್ಥಿರವಲ್ಲ. ಮೊಲದ ಮಿದುಳಿನಲ್ಲಿ ಒಂದು ನರಮಾರ್ಗವನ್ನು ಕ್ಷಿಪ್ರವಾಗಿ ಪ್ರಚೋದಿಸಿದರೆ ಅದರ ಬಲ ಹೆಚ್ಚಿ ಗಂಟೆಗಟ್ಟಲೆ ಉಳಿಯುವುದೆಂದು ಬ್ಲಿಸ್ ಮತ್ತು ಲೋಮೊ 1973ರಲ್ಲಿ ವರದಿ ಮಾಡಿದರು. ಮುಂದೆ ಅದರ ಒಳಗುಟ್ಟೂ ತಿಳಿಯಿತು. ಸಂದೇಶ ಪಡೆಯುವ ಕೋಶದ ಮೇಲೆ ಎನ್‌ಎಂಡಿಎ ಎಂಬ ದ್ವಾರವಿದೆ. ಮೆಗ್ನೀಸಿಯಂ ಅದಕ್ಕೆ ಬಿರಡೆ. ಕಳುಹಿಸುವ ಕೋಶ, ಪಡೆಯುವ ಕೋಶ ಎರಡೂ ಒಟ್ಟಿಗೆ ಚುರುಕಾದಾಗ ಮಾತ್ರ ಬಿರಡೆ ಕಳಚಿ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆಗ ಸಂದೇಶಗ್ರಾಹಿಗಳ ಸಂಖ್ಯೆ ಹೆಚ್ಚುತ್ತದೆ. ನಿಧಾನಗತಿಯ, ದುರ್ಬಲ ಪ್ರಚೋದನೆ ಇದೇ ಸಂಪರ್ಕವನ್ನು ಸಡಿಲಗೊಳಿಸಲೂಬಹುದು.

2000ದ ನೊಬೆಲ್ ಹಂಚಿಕೊಂಡ ಎರಿಕ್ ಕ್ಯಾಂಡೆಲ್ ಕಡಲ ಬಸವನಹುಳುವಿನಲ್ಲಿ ಕಂಡದ್ದು ನನಗೆ ಹೆಚ್ಚು ನಾಟಿತು. ಒಮ್ಮೆಯ ಪಾಠ ಬೇಗ ಮಾಸುತ್ತದೆ. ಬಿಡುವು ಕೊಟ್ಟು ಮತ್ತೆ ಮತ್ತೆ ಕಲಿಸಿದರೆ ಹೊಸ ಪ್ರೋಟೀನುಗಳು ತಯಾರಾಗಿ ಹೊಸ ಸಂಪರ್ಕಗಳೇ ಮೂಡುತ್ತವೆ. ಆ ಅಣುಗಳು ಸವೆದು ಬದಲಾದರೂ ನೆನಪು ಉಳಿಯುವುದು ಹೇಗೆ? ಒಂದನ್ನೊಂದು ಚಾಲೂ ಇಡುವ ರಾಸಾಯನಿಕ ಕ್ರಿಯೆಗಳ ಸರಪಳಿಯಿಂದ ಅದು ಸಾಧ್ಯವೆಂದು 1999ರಲ್ಲಿ ಗಣಕ ಮಾದರಿಯ ಮೂಲಕ ತೋರಿಸಿದ ಇಬ್ಬರಲ್ಲಿ ಒಬ್ಬರು, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸಂಶೋಧನೆ ನಡೆಸಿದ ಉಪಿಂದರ್ ಭಲ್ಲ.

ಬಾಲ್ಯದಲ್ಲಿ ಈ ಬದಲಾವಣೆ ಸುಲಭವೆಂಬುದು ನಿಜ. ಆದರೆ ಹನ್ನೊಂದಕ್ಕೆ ಬಾಗಿಲು ಮುಚ್ಚುವುದಿಲ್ಲ, ಅರವತ್ತಕ್ಕೂ ಮುಚ್ಚುವುದಿಲ್ಲ. ಆ ಹುಡುಗನ ಮಿದುಳು ಕಲಿಯಲಾರದ್ದಾಗಿರಲಿಲ್ಲ. ಸಾವಿರಾರು ಬಾರಿ ಎಳೆ ಹಿಡಿದು ಒಂದು ವಿದ್ಯೆಯನ್ನು ಪಕ್ಕಾ ಕಲಿತಿತ್ತು. ಅಕ್ಷರಕ್ಕೆ ನಾವು ಕೊಟ್ಟದ್ದು ಕೆಲವೇ ತಿಂಗಳು. ಅದೂ ಅರವತ್ತು ಮಕ್ಕಳ ತರಗತಿಯ ಹಿಂದಿನ ಸಾಲಿನಲ್ಲಿ.

ಈಚೆಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ವಯಸ್ಸಾದ ರೀಲರುಗಳು ಮೊಬೈಲಿನಲ್ಲಿ ಸರಾಗವಾಗಿ ಹರಾಜು ಕೂಗುತ್ತಿದ್ದರು. ಅವನಿಗೂ ಈಗ ನಲವತ್ತು ದಾಟಿರಬೇಕು. ಯಾರನ್ನಾದರೂ ವಿಚಾರಿಸೋಣವೆಂದರೆ, ನಾನೇ ಕಡತದಲ್ಲಿ ಬರೆದ ಅವನ ಹೆಸರು ನೆನಪಿಗೆ ಬರಲಿಲ್ಲ.