ಮಲ್ಲಿಗೆಯನ್ನು ಕತ್ತರಿಸಿದ ಪ್ರೋಗ್ರಾಂ

‘ತಿಪಟೂರಿಗೆ ಬಸ್ ಎಷ್ಟು ಹೊತ್ತಿಗೆ ಅಂತ ಕೇಳಿದ್ರೆ ಹೇಳುತ್ತೆ. ತಿಪಟೂರಿನಿಂದ ಅಂತ ಕೇಳಿದ್ರೆ ಯಾಕೆ ಸುಮ್ಮನಾಗುತ್ತೆ?’

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ವೈವಾದಲ್ಲಿ ಪರೀಕ್ಷಕರು ಕೇಳಿದ ಪ್ರಶ್ನೆ ಇದು. ನಾವು ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕನ್ನಡದಲ್ಲಿ ಬಸ್ ವೇಳೆ ಹೇಳುವ ಚಾಟ್‌ಬಾಟ್ ನಮ್ಮದು. ನಮ್ಮದು ಅಂದರೆ, ಮುಕ್ಕಾಲು ಪಾಲು ಕೋಡ್ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಯದು. ತಲಾ ಒಂದೂವರೆ ಸಾವಿರ ಹಾಕಿ ತಂದಿದ್ದೆವು. ಒಳಗೆ ಏನಿದೆ ಎಂದು ಯಾರೂ ತೆರೆದು ನೋಡಿರಲಿಲ್ಲ. ಅಂಕ ಬಂತು, ಚೆನ್ನಾಗಿಯೇ ಬಂತು. ಆದರೆ ಆ ಪ್ರಶ್ನೆ ಮಾತ್ರ ಹಾಸ್ಟೆಲ್ ರೂಮಿನವರೆಗೂ ಹಿಂದೆಯೇ ಬಂತು.

ಅದೇ ವಾರ ನಮ್ಮ ಕಾಲೇಜಿನಲ್ಲೇ ಕಂಪ್ಯೂಟರ್ ಸೈನ್ಸ್ ಮುಗಿಸಿದ ಸೀನಿಯರ್ ಅಕ್ಕ ಒಬ್ಬರು ಎರಡು ಪುಟ ಕಳಿಸಿ, ‘ತಪ್ಪಿದ್ರೆ ಹೇಳೋ’ ಎಂದರು. ಸಂಶೋಧನಾ ಪದವಿಗೆ ಅರ್ಜಿ ಹಾಕಲು ಬರೆದ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಅದು. ಕೈಬರಹದಲ್ಲಿ ಕನ್ನಡದ ೬ ಮತ್ತು ೯ ಅನ್ನು ಕಂಪ್ಯೂಟರ್ ಯಾಕೆ ಅದಲುಬದಲು ಮಾಡುತ್ತದೆ ಎಂಬುದು ಅವರ ಫೈನಲ್ ಇಯರ್ ಪ್ರಾಜೆಕ್ಟ್. ಎರಡು ಪುಟದಲ್ಲಿ ಒಂದು ಪುಟ ತಮ್ಮ ವಿಧಾನ ಎಲ್ಲಿ ಸೋತಿತು ಎಂಬುದಕ್ಕೇ ಮೀಸಲು! ಓದಿ ಮುಗಿಸಿದಾಗ ನನಗೆ ಹೊಳೆದದ್ದು ಒಂದೇ: ನಾನು ಇಂಥದ್ದು ಬರೆಯಲು ಕುಳಿತರೆ ಒಂದು ಸಾಲೂ ಆಗುವುದಿಲ್ಲ.

ರಜೆಯಲ್ಲಿ ಆ ಕೋಡ್ ತೆರೆದೆ. ಅದು ವಾಕ್ಯವನ್ನು ಖಾಲಿ ಜಾಗ ನೋಡಿ ತುಂಡು ಮಾಡುತ್ತಿತ್ತು, ಅಷ್ಟೇ. ಇಂಗ್ಲಿಷ್‌ನಲ್ಲಿ ‘ಟು’, ‘ಫ್ರಮ್’ ಬೇರೆ ಬೇರೆ ಪದಗಳು, ಊರಿನ ಹೆಸರು ಬದಲಾಗುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಹೆಸರಿಗೇ ಅಂಟಿಕೊಳ್ಳುತ್ತದೆ. ತಿಪಟೂರಿಗೆ, ತಿಪಟೂರಿನಿಂದ, ತಿಪಟೂರಲ್ಲಿ, ತಿಪಟೂರಿಗೂ ಎಲ್ಲವೂ ಪ್ರೋಗ್ರಾಂ ಪಾಲಿಗೆ ಬೇರೆ ಬೇರೆ ಊರು!

ಸರಿ, ಪ್ರತ್ಯಯ ಕತ್ತರಿಸಿದರಾಯಿತು ಎಂದು ‘ಗೆ’, ‘ಇಂದ’, ‘ಅಲ್ಲಿ’ಗೆ ಒಂದೊಂದು ನಿಯಮ ಬರೆದೆ. ತಿಪಟೂರು ಸರಿಹೋಯಿತು. ಖುಷಿಯಿಂದ ಇನ್ನಷ್ಟು ಪದ ಕೊಟ್ಟೆ. ‘ಮಲ್ಲಿಗೆ’ಯನ್ನು ‘ಮಲ್ಲಿ’, ‘ಗೆ’ ಎಂದು ಕತ್ತರಿಸಿ, ಮಲ್ಲಿ ಎಂಬ ಊರು ಸಿಗಲಿಲ್ಲ ಎಂದಿತು. ‘ಊರಲ್ಲೊಂದು’ ಕೊಟ್ಟರೆ ಕಕ್ಕಾಬಿಕ್ಕಿ. ಊರಲ್ಲಿ, ಒಂದು ಎಂದು ಬಿಡಿಸಬೇಕಾದರೆ ಲೋಪಸಂಧಿ ಗೊತ್ತಿರಬೇಕು. ‘ಮಳೆಗಾಲ’ಕ್ಕೆ ಆದೇಶಸಂಧಿ. ಹೈಸ್ಕೂಲಿನಲ್ಲಿ ಎರಡು ಅಂಕಕ್ಕಾಗಿ ಉರುಹೊಡೆದು ಮರೆತ ಪಾಠವನ್ನು ತಂಗಿಯ ಪುಸ್ತಕ ಇಸ್ಕೊಂಡು ಮತ್ತೆ ಓದಿದೆ. ಕೇಶಿರಾಜ 13ನೇ ಶತಮಾನದಲ್ಲೇ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಯ ಸೂತ್ರ ಬರೆದಿಟ್ಟಿದ್ದಾನೆ. ನಾನು ಅದನ್ನು ಪೈಥಾನ್‌ನಲ್ಲಿ ಬರೆಯಲು ಒದ್ದಾಡುತ್ತಿದ್ದೆ.

ನೂರು ಪದ ಕೊಟ್ಟರೆ ಅರವತ್ತರ ಆಸುಪಾಸು ಸರಿ ಬರುವ ಹೊತ್ತಿಗೆ ರಜೆ ಮುಗಿಯಿತು. ಉಳಿದ ನಲವತ್ತು ಯಾಕೆ ತಪ್ಪುತ್ತಿವೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಎಲ್ಲವನ್ನೂ ನಿಯಮ ಬರೆದೇ ಮುಗಿಸಲಾಗದು. ಯಂತ್ರವೇ ಕಲಿಯಲಿ ಎಂದರೆ ಇಂಗ್ಲಿಷ್‌ಗೆ ಸಿಗುವಷ್ಟು ಡಿಜಿಟಲ್ ಪಠ್ಯ ಕನ್ನಡಕ್ಕಿಲ್ಲ. ಹಾಗಾದರೆ ವ್ಯಾಕರಣವನ್ನೂ ಕಲಿಕೆಯನ್ನೂ ಜೋಡಿಸಿದರೆ, ಕಡಿಮೆ ಪಠ್ಯದಲ್ಲೇ ಕೆಲಸ ನಡೆದೀತೇ? ನನಗೆ ಮುಂದೆ ಓದಬೇಕು ಅನ್ನಿಸಿದ್ದು ಈ ಪ್ರಶ್ನೆಗಾಗಿ.

ಬರೆಯಲು ಕುಳಿತೆ. ‘ಬಾಲ್ಯದಿಂದಲೂ ನನಗೆ ಕಂಪ್ಯೂಟರ್ ಮೇಲೆ ಅಪಾರ ಆಸಕ್ತಿ’ ಎಂಬುದು ಮೊದಲ ಸಾಲು. ಅಕ್ಕ ಫೋನ್ ಮಾಡಿ, ‘ಬಾಲ್ಯದಲ್ಲಿ ನಿಮ್ಮನೇಲಿ ಕಂಪ್ಯೂಟರ್ ಇತ್ತೇನೋ?’ ಎಂದರು. ಇರಲಿಲ್ಲ. ಇದ್ದದ್ದು ಅಪ್ಪನ ಹಿಟ್ಟಿನ ಗಿರಣಿ. ‘ಏನು ಮಾಡಿದೆ, ಎಲ್ಲಿ ಸೋತೆ, ಇನ್ನೇನು ತಿಳೀಬೇಕು, ಅದಕ್ಕೆ ಅಲ್ಲೇ ಯಾಕೆ ಓದಬೇಕು. ಈ ನಾಲ್ಕು ಬರಿ, ಉಳಿದದ್ದು ಹೊಡೆದುಹಾಕು’ ಎಂದರು. ಅಂಗಡಿಯಿಂದ ಕೋಡ್ ತಂದದ್ದನ್ನೂ ಬರೆಯಲಾ ಎಂದು ಕೇಳಿದೆ. ‘ಮತ್ತೆ? ಶುರುವಾಗಿದ್ದೇ ಅಲ್ಲಿಂದ ಅಲ್ವಾ!’

ಕಷ್ಟವಾದದ್ದು ಅಪ್ಪನ ಜತೆಗಿನ ಮಾತು. ಬಿ.ಇ.ಗೆ ಮಾಡಿದ ಬ್ಯಾಂಕ್ ಸಾಲವಿದೆ. ‘ಇನ್ನೂ ಎರಡು ವರ್ಷ ಓದೋದಾ ಮಗಾ? ಕಂತು ಯಾರು ಕಟ್ಟೋದು?’ ಎಂದರು. ಬೈಗುಳವಾಗಿದ್ದರೆ ವಾದಿಸುತ್ತಿದ್ದೆ. ಅದು ನಿಜವಾದ ಲೆಕ್ಕ.

ನಾನೂ ಲೆಕ್ಕ ಹಾಕಿದೆ. ಗೇಟ್ ಪರೀಕ್ಷೆಯನ್ನು ಮೂರನೇ ವರ್ಷದವರೂ ಬರೆಯಬಹುದು, ಅಂಕಕ್ಕೆ ಮೂರು ವರ್ಷ ಮಾನ್ಯತೆ ಇದೆ. ಆ ಅಂಕದಿಂದ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಂಶೋಧನೆಗೇ ಮೀಸಲಾದ ಎಂ.ಟೆಕ್ ಕೂಡ ಇದೆ. ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಧನಸಹಾಯ ಕೊಡುತ್ತದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ವಿದ್ಯಾರ್ಥಿಗಳಿಗೆ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತವೆ. ಇದನ್ನೆಲ್ಲ ನಮ್ಮ ಕ್ಲಾಸಿನಲ್ಲಿ ಯಾರೂ ಮಾತಾಡಿದ್ದು ಕೇಳಿರಲಿಲ್ಲ. ನಮಗೆ ಗೊತ್ತಿದ್ದದ್ದು ಪ್ಲೇಸ್‌ಮೆಂಟ್, ಪ್ಯಾಕೇಜ್ ಎರಡೇ.

ಕೊನೆಗೆ ಅಪ್ಪನೂ ನಾನೂ ಒಂದು ಒಪ್ಪಂದಕ್ಕೆ ಬಂದೆವು. ಪ್ಲೇಸ್‌ಮೆಂಟ್‌ಗೂ ಕೂರುತ್ತೇನೆ, ಫೆಬ್ರುವರಿಯಲ್ಲಿ ಗೇಟ್ ಕೂಡ ಬರೆಯುತ್ತೇನೆ. ಸೀಟು ಸಿಕ್ಕರೂ ಕಂತಿಗೆ ದಾರಿ ಕಾಣದಿದ್ದರೆ, ಎರಡು ವರ್ಷ ದುಡಿದು ಸಾಲ ಇಳಿಸಿ, ಅಂಕದ ಅವಧಿ ಮುಗಿಯುವುದರೊಳಗೆ ಮತ್ತೆ ಅರ್ಜಿ ಹಾಕುತ್ತೇನೆ. ‘ಪ್ರಶ್ನೆ ಮರೆತುಹೋಗದಂಗೆ ನೋಡ್ಕೋ’ ಎಂದರು ಅಪ್ಪ. ಆ ಮಾತು ಅವರಿಂದ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ನಿಮ್ಮ ಪ್ರಾಜೆಕ್ಟ್‌ನಲ್ಲೂ ಕೆಲಸ ಮಾಡದ ಒಂದು ಭಾಗ ಇರುತ್ತದೆ. ಡೆಮೊ ದಿನ ಅದನ್ನು ಮುಚ್ಚಿಡುವ ಕಲೆ ನಮಗೆಲ್ಲ ಗೊತ್ತು. ವೈವಾ ಮುಗಿದ ಮೇಲೆ ಒಮ್ಮೆ ತೆರೆದು ನೋಡಿ.

ಈಗ ನನ್ನ ಪ್ರೋಗ್ರಾಂ ತಿಪಟೂರಿನಿಂದ ಹೊರಡುವ ಬಸ್ಸಿನ ವೇಳೆ ಹೇಳುತ್ತದೆ. ಮಲ್ಲಿಗೆಯನ್ನು ಮಾತ್ರ ಇನ್ನೂ ಕತ್ತರಿಸುತ್ತಲೇ ಇದೆ.