ಬರೆದವರ ಹೆಸರು ಹುಡುಕುತ್ತ, ಮೌಂಟನ್ ವ್ಯೂನಲ್ಲಿ

ಕ್ಯಾಲಿಫೋರ್ನಿಯದ 101ನೇ ಹೆದ್ದಾರಿಯಿಂದ ಶೋರ್‌ಲೈನ್ ಬುಲೆವಾರ್ಡ್‌ಗೆ ಹೊರಳಿದರೆ ಗಾಜು ಮತ್ತು ಬಿಳಿ ಚೌಕಟ್ಟಿನ ದೊಡ್ಡ ಕಟ್ಟಡವೊಂದು ಸಿಗುತ್ತದೆ. ಒಂದು ಕಾಲಕ್ಕೆ ಅದು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಕಚೇರಿ. ಈಗ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ. ಗೂಗಲ್‌ನ ಕಚೇರಿಗಳು ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಜನ ಇಲ್ಲಿಗೆ ಹಳೆಯ ಯಂತ್ರಗಳನ್ನು ನೋಡಲು ಬರುತ್ತಾರೆ. ನಾನು ಬಂದದ್ದು ಹೆಸರುಗಳನ್ನು ನೋಡಲು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ನಮ್ಮ ಬಳಗದವರ ಮೇಜಿನ ಮೇಲೆ ಸ್ಪಾಟ್ ಅವಾರ್ಡಿನ ಫಲಕಗಳಿವೆ, ಹ್ಯಾಕಥಾನ್ ಗೆದ್ದ ಫೋಟೊಗಳಿವೆ. ಆದರೆ ‘ನೀನು ಮಾಡಿದ್ದು ಯಾವುದು, ತೋರಿಸು’ ಎಂದರೆ ಬೆರಳಿಟ್ಟು ತೋರಿಸಲು ಅವರಿಗೆ ಜಾಗವಿಲ್ಲ. ಹೊಸದನ್ನು ಕಂಡುಹಿಡಿದ ನೌಕರನನ್ನು ಕಂಪನಿ ಹೇಗೆ ಗುರುತಿಸಬೇಕು ಎಂಬ ಪ್ರಶ್ನೆಗೆ ಎಪ್ಪತ್ತು ವರ್ಷಗಳ ಉತ್ತರಗಳು ಇಲ್ಲಿ ಒಂದೇ ಸೂರಿನಡಿ ಇವೆ.

‘ರೆವಲ್ಯೂಷನ್’ ಎಂಬ ಮುಖ್ಯ ಪ್ರದರ್ಶನ ಅಬಾಕಸ್ಸಿನಿಂದ ಶುರುವಾಗುತ್ತದೆ. ಪಂಚ್ ಕಾರ್ಡುಗಳನ್ನೂ ಕೋಣೆ ತುಂಬುವ ಯಂತ್ರಗಳನ್ನೂ ದಾಟಿ ನಾನು ಪ್ರೋಗ್ರಾಮಿಂಗ್ ವಿಭಾಗಕ್ಕೆ ಬಂದೆ. ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿದ ಬಗೆ ನನಗೆ ಬಹಳ ಇಷ್ಟ. 1953ರ ಕೊನೆಯಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಮ್ಮ ಮೇಲಧಿಕಾರಿ ಕತ್‌ಬರ್ಟ್ ಹರ್ಡ್‌ಗೆ ಒಂದು ಟಿಪ್ಪಣಿ ಬರೆದರು. ಯಂತ್ರಕ್ಕೆ ತಗಲುವಷ್ಟೇ ಖರ್ಚು ಅದಕ್ಕೆ ಪ್ರೋಗ್ರಾಂ ಬರೆಯುವವರಿಗೂ ತಗಲುತ್ತಿದೆ, ಬರೆಯುವ ಕೆಲಸವನ್ನೇ ಹಗುರ ಮಾಡೋಣ ಎಂಬುದು ಅವರ ವಾದ. ಹರ್ಡ್ ಒಪ್ಪಿದರು. 1957ರಲ್ಲಿ ಫೋರ್ಟ್ರಾನ್ ಗ್ರಾಹಕರ ಕೈ ಸೇರಿತು. ಅದೇ ವರ್ಷ ಅದನ್ನು ವಿವರಿಸಿದ ಪ್ರಬಂಧಕ್ಕೆ 13 ಮಂದಿ ಲೇಖಕರು. ಕಾಲೇಜು ಮುಗಿಸಿ ನೇರವಾಗಿ ತಂಡ ಸೇರಿದ್ದ ಲೋಯಿಸ್ ಹೈಬ್ಟ್ ಎಂಬ ಯುವತಿಯ ಹೆಸರೂ ಅಲ್ಲಿದೆ. 1963ರಲ್ಲಿ ಬ್ಯಾಕಸ್ ‘ಐಬಿಎಂ ಫೆಲೋ’ ಆದರು. ಮುಂದೆ ಯಾವುದರ ಮೇಲೆ ಕೆಲಸ ಮಾಡಬೇಕೆಂಬುದನ್ನು ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಆ ಗೌರವದ ತಿರುಳು. ಒಳ್ಳೆಯ ತಲೆಗೆ ಕೊಡಬಹುದಾದ ಉಡುಗೊರೆಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಹೊಳೆಯುವುದಿಲ್ಲ.

ಅಲ್ಲಿಂದ ಮುಂದೆ ಆಟಗಳ ವಿಭಾಗ. ಸನ್ನಿವೇಲ್‌ನ ಆ್ಯಂಡಿ ಕ್ಯಾಪ್ಸ್ ಟ್ಯಾವರ್ನ್‌ನಲ್ಲಿ 1972ರಲ್ಲಿ ಜನ ನಾಣ್ಯ ತುಂಬಿ ಆಡಿದ, ಅಟಾರಿ ಕಂಪನಿಯ ಮೊದಲ ‘ಪಾಂಗ್’ ಯಂತ್ರದ ಎದುರು ಮಕ್ಕಳು ನಿಂತಿರುತ್ತಾರೆ. ಇಲ್ಲಿ ನಾನು ಹೆಚ್ಚು ಹೊತ್ತು ಕಳೆದೆ, ಏಕೆಂದರೆ ಗುರುತಿಸದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಟಾರಿಗಿಂತ ದೊಡ್ಡ ಪಾಠವಿಲ್ಲ. ಆ ದಿನಗಳಲ್ಲಿ ಅಟಾರಿಯ ಮನೆಯಾಟಗಳ ಕಾರ್ಟ್ರಿಡ್ಜ್ ಒಂದೊಂದನ್ನೂ ಸಾಮಾನ್ಯವಾಗಿ ಒಬ್ಬನೇ ಪ್ರೋಗ್ರಾಮರ್ ಬರೆಯುತ್ತಿದ್ದ: ಕಲ್ಪನೆ, ಚಿತ್ರ, ಸದ್ದು ಎಲ್ಲ ಅವನದೇ. ಡಬ್ಬಿಯ ಮೇಲೆ ಮಾತ್ರ ಅವನ ಹೆಸರಿಲ್ಲ. ಮಾರಾಟದಲ್ಲಿ ಪಾಲೂ ಇಲ್ಲ, ಬರೀ ಸಂಬಳ. ತಮ್ಮ ಆಟಗಳು ಕಂಪನಿಗೆ ತಂದ ಹಣದ ಲೆಕ್ಕ ಹಿಡಿದು ನಾಲ್ವರು ಮುಖ್ಯಸ್ಥ ರೇ ಕಸ್ಸಾರ್ ಬಳಿಗೆ ಹೋದಾಗ, ಕಾರ್ಟ್ರಿಡ್ಜ್ ಜೋಡಿಸುವವರಿಗಿಂತ ನೀವೇನೂ ಹೆಚ್ಚಲ್ಲ ಎಂಬರ್ಥದ ಮಾತು ಬಂತೆಂದು ಅವರಲ್ಲೊಬ್ಬರಾದ ಡೇವಿಡ್ ಕ್ರೇನ್ ಹಲವು ಸಂದರ್ಶನಗಳಲ್ಲಿ ನೆನೆದಿದ್ದಾರೆ. ನಾಲ್ವರೂ ಹೊರಬಿದ್ದರು. 1979ರಲ್ಲಿ ಆ್ಯಕ್ಟಿವಿಷನ್ ಹುಟ್ಟಿತು. ಆಟ ಬರೆದವರ ಹೆಸರನ್ನು ಆ ಕಂಪನಿ ಎಲ್ಲರಿಗೂ ಕಾಣುವಂತೆ ಅಚ್ಚು ಹಾಕಿಸಿತು. 1982ರಲ್ಲಿ ಕ್ರೇನ್ ಬರೆದ ‘ಪಿಟ್‌ಫಾಲ್’ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಅಟಾರಿ ಕಳೆದುಕೊಂಡದ್ದು ಅದನ್ನು.

ಅದೇ ಅಟಾರಿಯಲ್ಲಿದ್ದ ವಾರನ್ ರಾಬಿನೆಟ್ ಜಗಳಕ್ಕೆ ಹೋಗಲಿಲ್ಲ. ‘ಅಡ್ವೆಂಚರ್’ ಎಂಬ ತನ್ನ ಆಟದಲ್ಲಿ, ಹಿನ್ನೆಲೆಯ ಬಣ್ಣದಲ್ಲೇ ಕರಗಿಹೋಗುವ ಒಂದು ಚುಕ್ಕೆ ಇಟ್ಟ. ಅದನ್ನು ಹುಡುಕಿ ಹೊತ್ತೊಯ್ದವರಿಗೆ ಗುಪ್ತ ಕೋಣೆಯೊಂದು ತೆರೆಯುತ್ತದೆ. ಒಳಗೆ ಈ ಆಟ ರಚಿಸಿದವನು ವಾರನ್ ರಾಬಿನೆಟ್ ಎಂಬ ಒಕ್ಕಣೆ. ಮೇಲಿನವರಿಗೆ ಸುಳಿವೇ ಇರಲಿಲ್ಲ. ಆಟವಾಡುತ್ತಿದ್ದ ಹುಡುಗನೊಬ್ಬ ಕಂಡುಹಿಡಿದು ಕಂಪನಿಗೆ ಕಾಗದ ಬರೆದಾಗ ರಾಬಿನೆಟ್ ಕೆಲಸ ಬಿಟ್ಟಾಗಿತ್ತು. ಇಡೀ ಆಟಕ್ಕೆ ಇದ್ದದ್ದು 4 ಕಿಲೋಬೈಟ್ ಜಾಗ. ಅಷ್ಟರಲ್ಲೂ ತನ್ನ ಹೆಸರಿಗೊಂದು ಕೋಣೆ ಕಟ್ಟಿಕೊಳ್ಳಬೇಕೆಂದು ಒಬ್ಬ ನೌಕರನಿಗೆ ಅನಿಸಿತಲ್ಲ, ಆ ಹಸಿವನ್ನು ಯಾವ ಗಿಫ್ಟ್ ವೋಚರ್ ತಣಿಸೀತು?

ಕೆಲವು ಹೆಜ್ಜೆ ಮುಂದೆ ಪರ್ಸನಲ್ ಕಂಪ್ಯೂಟರುಗಳು. ಆ್ಯಪಲ್ ಕಂಪನಿಯ 1984ರ ಮ್ಯಾಕಿಂಟಾಷ್ ಹೊರಗಿನಿಂದ ನೋಡಿದರೆ ನಸುಕಂದು ಬಣ್ಣದ ಪೆಟ್ಟಿಗೆ. ಅದರ ಹಿಂಬದಿಯ ಕವಚದ ಒಳಗೋಡೆಯಲ್ಲಿ ತಂಡದವರ ಸಹಿಗಳಿವೆ. ಕಲಾವಿದರು ತಮ್ಮ ಕೃತಿಗೆ ಸಹಿ ಹಾಕುತ್ತಾರಲ್ಲ, ಹಾಗೆ ಎಂದು ಸ್ಟೀವ್ ಜಾಬ್ಸ್ 1982ರ ಫೆಬ್ರವರಿಯಲ್ಲಿ ಎಲ್ಲರಿಂದಲೂ ದೊಡ್ಡ ಹಾಳೆಯ ಮೇಲೆ ಸಹಿ ಹಾಕಿಸಿದರು. ಅವೇ ಅಚ್ಚಿಗೆ ಹೋದವು. ಕೊಂಡವರಲ್ಲಿ ಹೆಚ್ಚಿನವರು ಅದನ್ನು ಎಂದೂ ನೋಡಿರಲಾರರು. ಹಾಕಿದವರಿಗೆ ಗೊತ್ತಿತ್ತು, ಅಷ್ಟು ಸಾಕಿತ್ತು.

ಅದೇ ಕಂಪನಿಯಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ, ಲೀಸಾ ಎಂಬ ಇನ್ನೊಂದು ಕಂಪ್ಯೂಟರಿನ ಯೋಜನೆಯ ಮ್ಯಾನೇಜರುಗಳು ಪ್ರತಿ ವಾರ ಎಷ್ಟು ಸಾಲು ಕೋಡ್ ಬರೆದಿರಿ ಎಂದು ಫಾರಂ ತುಂಬಿಸುತ್ತಿದ್ದರು. ಬಿಲ್ ಆಟ್ಕಿನ್ಸನ್ ಆಗ ತಾನೇ ಚಿತ್ರ ಬರೆಯುವ ಭಾಗವೊಂದನ್ನು ಹೊಸದಾಗಿ ಯೋಚಿಸಿ ಬರೆದು, ಹಲವು ಪಟ್ಟು ವೇಗ ತಂದು, ಸುಮಾರು 2000 ಸಾಲು ಕಿತ್ತುಹಾಕಿದ್ದರು. ಫಾರಂನಲ್ಲಿ ‘-2000’ ಎಂದು ತುಂಬಿದರು. ಕೆಲ ವಾರಗಳಲ್ಲಿ ಅವರಿಂದ ಫಾರಂ ಕೇಳುವುದೇ ನಿಂತಿತೆಂದು ಸಹೋದ್ಯೋಗಿ ಆ್ಯಂಡಿ ಹರ್ಟ್ಸ್‌ಫೆಲ್ಡ್ ಬರೆದಿದ್ದಾರೆ. ಅಪ್ರೈಸಲ್ ಫಾರಂ ರಚಿಸುವ ಪ್ರತಿಯೊಬ್ಬರೂ ಈ ಕಥೆ ಓದಬೇಕು. ಕೆಲಸ ತಿಳಿದವರು ಮಾತ್ರ ಕೆಲಸವನ್ನು ಗುರುತಿಸಬಲ್ಲರು.

ವೆಬ್ ವಿಭಾಗದಲ್ಲಿ ಗೂಗಲ್‌ನ 1999ರ ಸರ್ವರ್ ಬೀರು ಇದೆ, ತಂತಿಗಳು ನೇತಾಡುವ ಒರಟು ಕಟ್ಟಣೆ. ಆ ಕಂಪನಿ ದುಡ್ಡಿನ ದಾರಿಯನ್ನು ಧಾರಾಳವಾಗಿ ಪರೀಕ್ಷಿಸಿತು. 2004ರಲ್ಲಿ ‘ಫೌಂಡರ್ಸ್ ಅವಾರ್ಡ್’ ಹೆಸರಲ್ಲಿ ಎರಡು ತಂಡಗಳಿಗೆ ಸುಮಾರು 1.2 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟಿತು. ಅದರಿಂದ ಒಟ್ಟಾರೆ ನೌಕರರ ಸಂತೋಷ ಹೆಚ್ಚಲಿಲ್ಲ ಎಂದು, ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2015ರ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಮ್ಯಾನೇಜರ್ ಅಪ್ಪಣೆ ಬೇಡದೆ ಒಬ್ಬ ಸಹೋದ್ಯೋಗಿ ಇನ್ನೊಬ್ಬರಿಗೆ ಕೊಡಿಸಬಹುದಾದ 175 ಡಾಲರಿನ ಬಹುಮಾನದ ಬಗ್ಗೆ ಅದೇ ಪುಸ್ತಕ ಮೆಚ್ಚಿ ಮಾತಾಡುತ್ತದೆ.

ಇನ್ನೊಂದು ಪ್ರದರ್ಶನ ‘ಮೇಕ್ ಸಾಫ್ಟ್‌ವೇರ್’, 2017ರದ್ದು. ಅಲ್ಲಿ ಫೋಟೋಶಾಪ್‌ಗೆ ಒಂದು ಮೂಲೆ. 1990ರ ಮೊದಲ ಆವೃತ್ತಿಯ ಮೂಲ ಕೋಡನ್ನು ಅಡೋಬಿ ಒಪ್ಪಿಗೆಯೊಂದಿಗೆ ಇದೇ ಮ್ಯೂಸಿಯಂ 2013ರಲ್ಲಿ ಬಿಡುಗಡೆ ಮಾಡಿತು: ಸುಮಾರು 1,28,000 ಸಾಲು, ಬಹುಪಾಲು ಪ್ಯಾಸ್ಕಲ್, ಹೆಚ್ಚಿನಂಶ ಥಾಮಸ್ ನೋಲ್ ಒಬ್ಬರ ಕೈಬರಹ. ಅವರ ಮತ್ತು ತಮ್ಮ ಜಾನ್ ನೋಲ್ ಹೆಸರು ಪ್ರೋಗ್ರಾಂ ತೆರೆದುಕೊಳ್ಳುವಾಗಲೇ ತೆರೆಯ ಮೇಲೆ ಬರುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ ಪಟ್ಟಿ ಬೆಳೆದು ಸೀತಾರಾಮನ್ ನಾರಾಯಣನ್ ಸೇರಿದರು. ಅವೆನ್ಯೂ ರಸ್ತೆಯಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡುವವರಿಂದ ಹಿಡಿದು ಊರೂರಿನ ಫೋಟೊ ಸ್ಟುಡಿಯೊದವರ ತನಕ, ಅಡೋಬಿಯ ಮುಖ್ಯಸ್ಥ ಯಾರೆಂದು ಗೊತ್ತಿಲ್ಲದವರಿಗೂ ಆ ಹೆಸರು ಪರಿಚಯ. ಹಳೆಯ ಕಂಪ್ಯೂಟರುಗಳು ನಿಧಾನವಾಗಿದ್ದುದೇ ಒಳ್ಳೆಯದಾಯಿತು. ಓದಲು ಪುರುಸೊತ್ತು ಸಿಕ್ಕಿತು.

ನಮ್ಮಲ್ಲಿ ಇದು ಸುಲಭವಲ್ಲ, ಒಪ್ಪುತ್ತೇನೆ. ಬೆಂಗಳೂರಿನ ಸೇವಾ ಕಂಪನಿಗಳಲ್ಲಿ ಬರೆದ ಕೋಡ್ ಸಾಮಾನ್ಯವಾಗಿ ಒಪ್ಪಂದದ ಪ್ರಕಾರ ಗ್ರಾಹಕರ ಸೊತ್ತು. ತೆರೆಯ ಮೇಲೆ ಹೆಸರು ಹಾಕಿಸುವ ಹಕ್ಕು ಕಂಪನಿಗೇ ಇರುವುದಿಲ್ಲ. ಆದರೂ ರಿಲೀಸ್ ನೋಟ್‌ನ ಕೊನೆಗೆ ಯಾವ ಭಾಗ ಯಾರದೆಂದು ಒಂದು ಸಾಲು ಬರೆಯಬಹುದು. ಗ್ರಾಹಕರ ಮುಂದೆ ಡೆಮೊ ಕೊಡುವಾಗ ಮ್ಯಾನೇಜರ್ ಬದಲು ಬರೆದ ಹುಡುಗಿಯನ್ನೇ ಕೂರಿಸಬಹುದು. ಹೊರಗೆ ಹೇಳಲಾಗದಿದ್ದರೆ ಒಳಗಾದರೂ, ‘ಉತ್ತಮ ಸಾಧನೆ’ ಎಂಬ ಬೋಳು ಮಾತಿನ ಬದಲು, ಏನು ಕಂಡುಹಿಡಿದಳು, ಅದರಿಂದ ಏನು ಬದಲಾಯಿತು ಎಂದು ಫಲಕದ ಮೇಲೆ ಕೆತ್ತಿಸಬಹುದು.

ಮಗನ ಮನೆಗೋ ಮಗಳ ಬಾಣಂತನಕ್ಕೋ ಸನ್ನಿವೇಲ್, ಸ್ಯಾನ್ ಹೋಸೆಗೆ ಬರುವ ಕನ್ನಡದ ಅಪ್ಪ ಅಮ್ಮಂದಿರು ಒಂದು ಅರ್ಧ ದಿನ ಇಲ್ಲಿಗೆ ಮೀಸಲಿಡಲಿ. ವಿಳಾಸ 1401, ನಾರ್ತ್ ಶೋರ್‌ಲೈನ್ ಬುಲೆವಾರ್ಡ್. ಐಬಿಎಂ 1401 ಯಂತ್ರವನ್ನು ನಿಗದಿತ ದಿನಗಳಲ್ಲಿ ಹಿರಿಯ ಸ್ವಯಂಸೇವಕರು ಓಡಿಸಿ ತೋರಿಸುತ್ತಾರೆ, ಆ ದಿನ ನೋಡಿಕೊಂಡು ಹೋಗಿ. ಹೊತ್ತು ಕಡಿಮೆಯಿದ್ದರೆ ಮೊದಲ ಕೋಣೆಗಳನ್ನು ಬೇಗ ದಾಟಿ ಆಟಗಳ ವಿಭಾಗಕ್ಕೂ ‘ಮೇಕ್ ಸಾಫ್ಟ್‌ವೇರ್’ಗೂ ಸಮಯ ಉಳಿಸಿಕೊಳ್ಳಿ, ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರು ಬರೆದದ್ದು ಯಾವುದೆಂದು ದಾರಿಯಲ್ಲಿ ಕೇಳಿ.