ಬಿಳಿ ಕುದುರೆ ಬೆಟ್ಟದ ಕಾಲುದಾರಿ

ಇಂಗ್ಲೆಂಡ್ ಪ್ರವಾಸವೆಂದರೆ ಲಂಡನ್ ನಗರದ ಸೇತುವೆ, ಅರಮನೆ, ವಸ್ತುಸಂಗ್ರಹಾಲಯಗಳಲ್ಲೇ ಮುಗಿದುಹೋಗುವುದು ಸಾಮಾನ್ಯ. ಆದರೆ ಅಲ್ಲಿನ ಜನರು ಜತನದಿಂದ ಕಾಯ್ದುಕೊಂಡು ಬಂದಿರುವ ಇನ್ನೊಂದು ಸಂಪತ್ತಿದೆ. ಅದು ಹಳ್ಳಿಗಾಡಿನ ಕಾಲುದಾರಿಗಳ ಜಾಲ. ಅದರ ಸೊಗಸನ್ನು ಒಂದೇ ದಿನದಲ್ಲಿ ಅರಿಯಬಯಸುವವರಿಗೆ ಆಕ್ಸ್‌ಫರ್ಡ್‌ಶೈರ್ ಪ್ರಾಂತ್ಯದ ಅಫಿಂಗ್ಟನ್ ಗ್ರಾಮದ ಬಳಿಯ ಬಿಳಿ ಕುದುರೆ ಬೆಟ್ಟ ತಕ್ಕ ಸ್ಥಳ.

261 ಮೀಟರ್ ಎತ್ತರದ ಈ ಬೆಟ್ಟದ ಇಳಿಜಾರಿನಲ್ಲಿ ಸುಮಾರು 110 ಮೀಟರ್ ಉದ್ದದ ಕುದುರೆಯ ಆಕೃತಿಯಿದೆ. ನೆಲದಲ್ಲಿ ಕಂದಕ ತೋಡಿ, ಸುಣ್ಣಶಿಲೆಯನ್ನು ಕುಟ್ಟಿ ತುಂಬಿ ರಚಿಸಿದ ಈ ಆಕೃತಿಗೆ ಸುಮಾರು ಮೂರು ಸಾವಿರ ವರ್ಷಗಳ ಇತಿಹಾಸವಿದೆ. ಆರೈಕೆ ತಪ್ಪಿದರೆ ಹುಲ್ಲು ಇದನ್ನು ನುಂಗಿಬಿಡುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರು ವಿಮಾನಗಳಿಗೆ ಗುರುತಾಗದಿರಲೆಂದು ಇದನ್ನು ಮುಚ್ಚಿ, ಯುದ್ಧಾನಂತರ ಮತ್ತೆ ತೆರೆಯಲಾಯಿತು. ಇಂದಿಗೂ ಸ್ವಯಂಸೇವಕರು ಸುತ್ತಿಗೆ ಹಿಡಿದು ಹೊಸ ಸುಣ್ಣಶಿಲೆಯನ್ನು ಕುಟ್ಟಿ ಇದರ ಬಿಳುಪನ್ನು ಉಳಿಸುತ್ತಿದ್ದಾರೆ.

ಬೆಟ್ಟದ ನೆತ್ತಿಯ ಬಳಿ ಹಾದುಹೋಗುವ ಪುರಾತನ ಮಾರ್ಗವೇ ರಿಜ್‌ವೇ. 139 ಕಿಲೋಮೀಟರ್ ಉದ್ದದ ಇದು 1973ರಲ್ಲಿ ರಾಷ್ಟ್ರೀಯ ನಡಿಗೆ ಮಾರ್ಗವಾಯಿತು. ಇದರಲ್ಲಿ ಪಶ್ಚಿಮಕ್ಕೆ ಸುಮಾರು ಎರಡು ಕಿಲೋಮೀಟರ್ ನಡೆದರೆ ಬೀಚ್ ಮರಗಳ ನೆರಳಿನಲ್ಲಿ ‘ವೇಲ್ಯಾಂಡನ ಕುಲುಮೆ’ ಎಂಬ ನವಶಿಲಾಯುಗದ ಸಮಾಧಿ ಸಿಗುತ್ತದೆ. ಕುದುರೆಯನ್ನೂ ಒಂದು ನಾಣ್ಯವನ್ನೂ ಇಲ್ಲಿ ಬಿಟ್ಟುಹೋದರೆ, ಕಣ್ಣಿಗೆ ಕಾಣದ ಕಮ್ಮಾರ ವೇಲ್ಯಾಂಡನು ಲಾಳ ಹೊಡೆದಿಡುವನೆಂಬುದು ಸ್ಥಳೀಯ ಐತಿಹ್ಯ. ಗಾಳಿಯ ಸದ್ದು, ಹಕ್ಕಿಗಳ ಕೂಗಿನ ಹೊರತು ಇಲ್ಲಿ ಬೇರೇನೂ ಕೇಳಿಸುವುದು ಅಪರೂಪ.

ಇಂಗ್ಲೆಂಡಿನಲ್ಲಿ ಖಾಸಗಿ ಹೊಲಗಳ ನಡುವೆಯೂ ಸಾರ್ವಜನಿಕರು ನಡೆದಾಡುವುದು ಹೇಗೆ? ಅದು ಭೂಮಾಲೀಕರ ಕೃಪೆಯಲ್ಲ, ಕಾನೂನಿನ ಹಕ್ಕು. 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ನಿಷೇಧ ಮೀರಿ ನುಗ್ಗಿದ ನಡಿಗೆಪ್ರಿಯರಲ್ಲಿ ಕೆಲವರು ಸೆರೆವಾಸ ಅನುಭವಿಸಿದರು. 1949ರ ಕಾಯಿದೆಯು ಸಾರ್ವಜನಿಕ ದಾರಿಗಳನ್ನು ಅಧಿಕೃತ ನಕಾಶೆಯಲ್ಲಿ ದಾಖಲಿಸುವಂತೆ ವಿಧಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂತಹ ದಾರಿಗಳ ಒಟ್ಟು ಉದ್ದ ಸುಮಾರು 2,25,000 ಕಿಲೋಮೀಟರ್.

ಆದರೂ ನಕಾಶೆ ಸೇರದ ಹಳೆಯ ದಾರಿಗಳು ಅನೇಕ. ಅವುಗಳ ನೋಂದಣಿಗೆ 2000ದ ಕಾಯಿದೆಯು 2026ರ ಗಡುವು ವಿಧಿಸಿತ್ತು. ಬಳಿಕ ಅದು 2031ಕ್ಕೆ ಮುಂದೂಡಲ್ಪಟ್ಟಿತು. 2024ರ ಡಿಸೆಂಬರ್‌ನಲ್ಲಿ ಸರಕಾರವು ಗಡುವನ್ನೇ ರದ್ದುಪಡಿಸುವುದಾಗಿ ಪ್ರಕಟಿಸಿತು. ಹಳೆಯ ದಾಖಲೆಗಳನ್ನು ಕೆದಕಿ ಮರೆತ ದಾರಿಗಳನ್ನು ಪತ್ತೆಹಚ್ಚುವ ಕಾರ್ಯದಲ್ಲಿ ಸ್ವಯಂಸೇವಕರು ತೊಡಗಿದ್ದಾರೆ.

ಲಂಡನ್‌ನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಸ್ವಿಂಡನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪಯಣ. ಅಲ್ಲಿಂದ ಮುಂದಕ್ಕೆ ಕಾರು ಅನುಕೂಲಕರ. ಮಳೆಯ ನಂತರ ದಾರಿ ಜಾರುವುದರಿಂದ ಗಟ್ಟಿಮುಟ್ಟಾದ ಪಾದರಕ್ಷೆ ಅವಶ್ಯ. ಹೊಲದ ಗೇಟುಗಳನ್ನು ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಬೇಕು. ಕುದುರೆಯ ಆಕೃತಿಯನ್ನು ತುಳಿಯಬಾರದು.

ಕುದುರೆ ಉಳಿದಿರುವುದು ಜನರ ಕೈಗಳಿಂದ, ದಾರಿ ಉಳಿದಿರುವುದು ಜನರ ಕಾಲುಗಳಿಂದ. ಇಲ್ಲಿ ನಡೆಯುವ ಪ್ರವಾಸಿಯೂ ಆ ಕಾಯಕದಲ್ಲಿ ಪಾಲುದಾರನೇ.